ತೊಳೆದ ಬೆಳ್ಳಿ

ಯಾಶ್ ಊರಿನಲ್ಲಿ ಆ ವಾರ ಹಿಮ ಕರಗಿ ಬೀದಿಯೆಲ್ಲ ಕೆಸರಾಗಿತ್ತು. ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿ: ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಗುಳಿಗಳಿಗೆ ಔಷಧ ತುಂಬಿ ತಟ್ಟೆ ಹಾಕಿದವರು ಅದರ ಫಲಿತಾಂಶ ಓದುವಂತಿಲ್ಲ. ಸಂಶೋಧನಾ ವಿದ್ಯಾರ್ಥಿನಿ ಸ್ಮರಾಂಡಾ ಮೂರು ವರ್ಷ ಹಾಕಿದ್ದನ್ನೆಲ್ಲ ಓದಿದವಳು ನಾನು. ಬ್ಯಾಕ್ಟೀರಿಯಾ ಸತ್ತ ಜಾಗಕ್ಕೆ ಸ್ಕೇಲು ಹಿಡಿದು ಅಗಲ ಬರೆಯುತ್ತಿದ್ದೆ. ಯಾವ ಗುಳಿಯಲ್ಲಿ ಏನಿದೆ ಎಂದು ಕೇಳುತ್ತಿರಲಿಲ್ಲ.

ಅವಳು ತಯಾರಿಸುತ್ತಿದ್ದದ್ದು ಬೆಳ್ಳಿಯ ನ್ಯಾನೊ ಕಣಗಳನ್ನು. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಸಾಲಾಗಿ ಕೂರುವಷ್ಟು ಸಣ್ಣವು. ನೀರಿನಲ್ಲಿ ತೇಲುವಾಗ ತೆಳು ಹಳದಿ. ಅವು ಬ್ಯಾಕ್ಟೀರಿಯಾದ ಮೈಗೆ ಅಂಟಿ, ಗೋಡೆ ಕೆಡಿಸಿ, ನಿಧಾನವಾಗಿ ಬೆಳ್ಳಿಯನ್ನು ಒಳಗೆ ಬಿಡುತ್ತವೆ. ಒಳಗೆ ಉಸಿರಾಟ ನಡೆಸುವ ಪ್ರೋಟೀನುಗಳನ್ನು ಬೆಳ್ಳಿ ಕಟ್ಟಿಹಾಕುತ್ತದೆ. ಸದ್ದಿಲ್ಲದ ಸಾವು. ಯಾವ ಔಷಧಕ್ಕೂ ಬಗ್ಗದ ಸೋಂಕು ಸುಟ್ಟಗಾಯದ ವಾರ್ಡಿನಲ್ಲಿತ್ತು. ಈ ಕಣ ಲೇಪಿಸಿದ ಪಟ್ಟಿಯನ್ನು ಸೋಮವಾರದಿಂದ ಅಲ್ಲಿನ ಆರು ರೋಗಿಗಳಿಗೆ ಕಟ್ಟಬೇಕಿತ್ತು. ಅದಕ್ಕೂ ಮೊದಲು, ಶುಕ್ರವಾರ, ಸ್ಮರಾಂಡಾಳ ಡಾಕ್ಟರೇಟ್ ಪರೀಕ್ಷೆ.

ಬುಧವಾರ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಸಹಾಯಕಿ ವಿಯೊರಿಕಾ ಚಿಕ್ಕಮ್ಮ ಗೊಣಗಿದಳು.

"ಪಟ್ಟಿಗೆ ಹಚ್ಚೋ ಕಣಾನ ನಾಲ್ಕು ಸಲ ತೊಳೀಬೇಕಂತೆ. ನನ್ನ ಗಂಡನ ಅಂಗೀನೂ ನಾನು ಇಷ್ಟು ತೊಳೆದವಳಲ್ಲ. ನಿಮ್ಮ ಮಹಾರಾಣಿ ಮಾತ್ರ ತಟ್ಟೆಗೆ ಹಾಕೋವಾಗ ತೊಳೆಯೋದೇ ಇಲ್ಲ."

"ತೊಳೆಯಲ್ವಾ?"

"ಯಾವತ್ತು ತೊಳೆದಿದಾಳೆ? ತೊಳೆದ್ರೆ ಅರ್ಧ ಕಣ ಹಾಳಾಗ್ತವೆ ಅಂತಾಳೆ."

ನಾನು ಡಬ್ಬಿ ಕೆಳಗಿಟ್ಟೆ. ಗಾಯಕ್ಕೆ ಕಟ್ಟಲು ತೊಳೆಯಲೇಬೇಕು. ಕಣವಾಗದೆ ನೀರಿನಲ್ಲೇ ಉಳಿದ ಬೆಳ್ಳಿಯ ಲವಣ ಬೆಂದ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಹಾಗಾದರೆ ಮೂರು ವರ್ಷ ತಟ್ಟೆಯಲ್ಲಿ ಕೊಂದದ್ದು ಯಾವುದು? ಕಣವೋ, ಆ ಲವಣವೋ?

ಪದ್ಧತಿ ಮುರಿದು ಅವತ್ತು ನಾನೇ ಒಂದು ತಟ್ಟೆ ಹಾಕಿದೆ. ಒಂದು ಗುಳಿಗೆ ತೊಳೆದ ಕಣ, ಇನ್ನೊಂದಕ್ಕೆ ತೊಳೆದು ಚೆಲ್ಲುವ ನೀರು. ಗುರುವಾರ ಬೆಳಿಗ್ಗೆ ತೆಗೆದರೆ ನೀರಿನ ಸುತ್ತ ಹದಿನಾಲ್ಕು ಮಿಲಿಮೀಟರು ಅಗಲದ ನಿಚ್ಚಳ ವೃತ್ತ. ಕಣದ ಸುತ್ತ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಗುಳಿಯ ಅಂಚಿನವರೆಗೂ ಬೆಳೆದಿತ್ತು.

"ಏನೇ ಒತಿಲಿಯಾ, ನನ್ನ ಬೆನ್ನ ಹಿಂದೆ ಅಡುಗೆ ಶುರು ಮಾಡಿದೀಯಾ?" ಸ್ಮರಾಂಡಾ ನಗುತ್ತಾ ಬಂದಳು. ನಾನು ಅಂಟಿಸಿದ್ದ ಚೀಟಿ ಓದಿದಳು. ನಗು ಹೋಯಿತು.

"ಕಣ ಗಡ್ಡೆ ಕಟ್ಟಿರಬೇಕು. ನೀನು ಸರಿಯಾಗಿ ಅಲ್ಲಾಡಿಸಿಲ್ಲ."

"ಪಟ್ಟಿಗೆ ಹಚ್ಚಿರೋದೂ ಇದೇ ಕಣ."

"ನಾಳೆ ಒಂದು ಕಳೀಲಿ. ಆಮೇಲೆ ನಾನೇ ಹೇಳ್ತೀನಿ. ಒಂದೇ ದಿನ ಕಣೇ."

"ಡಾಕ್ಟರೇಟ್ ಕೈಗೆ ಬಂದ ಮೇಲೆ ಹೇಳ್ತೀಯಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ಮೂರು ವರ್ಷ ನೀನೇ ಓದಿದ್ದು. ತೊಳೆದಿದೀಯಾ ಅಂತ ಒಂದು ಸಲ ಕೇಳಬಾರದಿತ್ತಾ?"

ಕೇಳುವುದು ಪದ್ಧತಿಯಲ್ಲ ಎನ್ನಬಹುದಿತ್ತು. ಬದಲಿಗೆ ದಾಖಲೆ ಪುಸ್ತಕ ತೆರೆದು ಬರೆದೆ: ನೀರು, ಹದಿನಾಲ್ಕು. ಕಣ, ಸೊನ್ನೆ. ಸಹಿ ಹಾಕಿ ಅವಳ ಕಡೆ ಸರಿಸಿದೆ.

ಅವಳು ಎರಡೂ ಅಂಕಿಗಳನ್ನು ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಸಹಿಯ ಕೆಳಗೆ ತನ್ನದನ್ನೂ ಹಾಕಿ, ತಟ್ಟೆ ಎತ್ತಿಕೊಂಡು ಪ್ರೊಫೆಸರರ ಕೋಣೆಗೆ ಹೋದಳು.

ನಡುವಿನ ಗೋಡೆ ತೆಳು ಹಲಗೆಯದು; ಅಲ್ಲಿ ಕೆಮ್ಮಿದರೂ ಇಲ್ಲಿ ಕೇಳುತ್ತದೆ. ಅವಳು ಒಂದೇ ವಾಕ್ಯ ಹೇಳಿದಳು: "ಕೊಲ್ತಿದ್ದದ್ದು ಕಣ ಅಲ್ಲ, ತೊಳೆದು ಚೆಲ್ಲೋ ನೀರು." ಯಾರೂ ಹೇಳದಿದ್ದರೂ ವಿಯೊರಿಕಾ ಚಿಕ್ಕಮ್ಮ ಆಸ್ಪತ್ರೆಗೆ ಹೊರಟಿದ್ದ ಡಬ್ಬಿಗಳನ್ನು ಗಾಡಿಯಿಂದ ಒಂದೊಂದಾಗಿ ಇಳಿಸತೊಡಗಿದಳು.