ಹಂಡೆಯಿಲ್ಲದ ಬಾಣಂತಿ ಕೋಣೆ

ಬಿಳೇಕಹಳ್ಳಿಯ ಐಸ್‌ಕ್ರೀಮ್ ಗೋಡೌನಿನೊಳಗೆ ನಾವೊಂದು ಬಾಣಂತಿ ಕೋಣೆ ಕಟ್ಟಿದ್ದೆವು. ಪ್ಲೈವುಡ್ ಗೋಡೆ, ಗೋಡೆಯ ಪದರದೊಳಗೆ ಉಣ್ಣೆ, ಒಂದು ಪುಟ್ಟ ಕಿಟಕಿ, ಒಂದು ಮಂಚ, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಅದರ ತುಂಬ ಮರಳು. ಕೋಣೆಯ ಹೊರಗೆ, ಸುತ್ತಲೂ, ಸೂರಿನವರೆಗೆ ಜೋಡಿಸಿದ ಬಟರ್‌ಸ್ಕಾಚ್ ಡಬ್ಬಗಳು.

ಗೋಡೌನು ಬೈರಣ್ಣನದು. ಅವರಪ್ಪ ಅದೇ ಜಾಗದಲ್ಲಿ ರಾಗಿ ಬೆಳೀತಿದ್ದರಂತೆ. ಈಗ ಬೈರಣ್ಣ ಅಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಒಂದು ಮೂಲೆ ನಮಗೆ ಕೊಟ್ಟಿದ್ದರೂ ಅವರಿಗೆ ಇನ್ನೂ ಸಮಾಧಾನವಿರಲಿಲ್ಲ.

"ಅಲ್ಲಾ ಸಾರ್, ಐಸ್‌ಕ್ರೀಮ್ ರೂಮಲ್ಲಿ ಹೀಟರ್ ಇಡ್ತೀರಲ್ಲ, ಫ್ರಿಜ್ಜಲ್ಲಿ ಕೂತ್ಕೊಂಡು ಬಜ್ಜಿ ಕರಿದಂಗಾಯ್ತು" ಅಂದರು.

"ಲಡಾಖ್ ಬೆಂಗಳೂರಿಗೆ ಬರುತ್ತಾ ಬೈರಣ್ಣ? ನಾವೇ ಇಲ್ಲೊಂದು ಮಾಡ್ಕೋಬೇಕು" ಅಂದರು ರಾಮಪ್ರಸಾದ್ ಸರ್, ಮಂಕಿ ಕ್ಯಾಪನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತ.

ಸರ್ ರಿಟೈರ್ಡ್ ಇಂಜಿನಿಯರು. ಜಯನಗರದ ತಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ಒಂದು ಚಿಕ್ಕ ಕಾರ್ಖಾನೆ ಶುರು ಮಾಡಿದ್ದರು. ಕರೆಂಟು ಸರಿಯಾಗಿ ತಲುಪದ, ಸೌದೆಯೂ ಸಿಗದ ಹಿಮದ ಊರುಗಳಿಗೆ ಬಿಸಿ ಕೂಡಿಡುವ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಹಗಲಲ್ಲಿ ಸೋಲಾರ್ ಪ್ಯಾನಲ್ಲಿನ ಕರೆಂಟು ಮರಳೊಳಗಿನ ಹೀಟರ್ ಸುರುಳಿಗೆ ಹೋಗುತ್ತೆ, ಮರಳು ಕಾದು ಕೆಂಡದಂತಾಗುತ್ತೆ. ರಾತ್ರಿ ಪೆಟ್ಟಿಗೆಯ ಬಾಗಿಲನ್ನು ಸ್ವಲ್ಪ ಸ್ವಲ್ಪ ತೆರೆದರೆ ಅದೇ ಬಿಸಿ ಕೋಣೆಗೆ ಬರುತ್ತೆ. ಮರಳು ಅಲ್ಲಿನ ನದೀತೀರದಲ್ಲೇ ಇದೆ, ನಾವು ಪೆಟ್ಟಿಗೆ ಪ್ಯಾನಲ್ಲು ಕಳಿಸಿದರೆ ಸಾಕು.

ಕೆಲಸಕ್ಕೆ ಸೇರಿದ ದಿನ ಸರ್ ಇದನ್ನೆಲ್ಲ ವಿವರಿಸುತ್ತಿದ್ದಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದೆ. ನಮ್ಮಜ್ಜಿಯ ಕತೆಯಲ್ಲಿ ಉತ್ತರದ ರಾಜ್ಯದ ಹುಡುಗಿಯೊಬ್ಬಳು ಸೂರ್ಯನ ಹತ್ತಿರ ಒಂದು ಹಿಡಿ ಬಿಸಿಲು ಬೇಡಿಕೊಂಡು, ಕತ್ತಲೆಯ ಕಣ್ಣಿಗೆ ಬೀಳದ ಹಾಗೆ ಮಣ್ಣಲ್ಲಿ ಹೂತಿಡುತ್ತಾಳೆ. "ಸರ್, ಇದು ನನಗೆ ಗೊತ್ತಿರೋ ಕತೆ" ಅಂದುಬಿಟ್ಟಿದ್ದೆ. "ಕತೆ ಅಲ್ಲಮ್ಮ ಸಮನ್ವಿತಾ, ಥರ್ಮೊಡೈನಮಿಕ್ಸ್" ಅಂದಿದ್ದರು ಅವರು, ಬೇಜಾರಿನಿಂದ.

ಈ ಸಲದ ಪೆಟ್ಟಿಗೆ ಲಡಾಖಿನ ಒಂದು ಒಳಕಣಿವೆಯ ಹೆರಿಗೆ ಕೋಣೆಗೆ. ಅಲ್ಲಿನ ನರ್ಸ್ ಯಾಂಗ್‌ಡೋಲ್ ನಮ್ಮ ಜೊತೆ ಬೇಸಿಗೆಯಿಂದ ಫೋನಿನಲ್ಲಿ ಮಾತಾಡುತ್ತಿದ್ದಳು. ಈಗ ಬೆಂಗಳೂರಿನ ಒಂದು ಆಸ್ಪತ್ರೆಗೆ ಟ್ರೇನಿಂಗಿಗೆ ಬಂದಿದ್ದವಳು, ಟ್ರೇನಿಂಗ್ ಮುಗಿದ ಮೇಲೆ ಪೆಟ್ಟಿಗೆಯನ್ನು ಕಣ್ಣಾರೆ ನೋಡಲು ಬಂದಳು. ಗುಂಡು ಮುಖ, ಗಾಳಿಗೆ ಬಿರಿದ ಕೆನ್ನೆ. ಗೋಡೌನಿನ ಚಳಿಯಲ್ಲಿ ನಾವೆಲ್ಲ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ನಡುಗುತ್ತಿದ್ದರೆ ಅವಳು ಒಂದು ತೆಳುವಾದ ಶಾಲು ಹೊದ್ದು, ಮನೆಗೆ ಬಂದವಳಂತೆ ಓಡಾಡುತ್ತಿದ್ದಳು. ಅವಳದು ಹಿಂದಿ, ನಮ್ಮದು ಮುರುಕು ಹಿಂದಿ. ನಡುನಡುವೆ ಅವಳು ಇಲ್ಲಿ ಕಲಿತ "ಸ್ವಲ್ಪ ಸ್ವಲ್ಪ", "ಆಯ್ತು ಆಯ್ತು" ಸೇರಿಕೊಳ್ಳುತ್ತಿತ್ತು.

ಪೆಟ್ಟಿಗೆ ಬೇಗ ಬೇಕು ಅಂತ ಯಾಕೆ ಅಷ್ಟು ಅವಸರ ಮಾಡುತ್ತಿದ್ದಳು ಅಂತ ಅವಳೇ ಹೇಳಿದಳು. ಅವಳ ಅತ್ತಿಗೆ ಬಸುರಿ. ಮಾಘದ ಹೊತ್ತಿಗೆ, ಚಳಿ ತುತ್ತತುದಿಯಲ್ಲಿರುವಾಗ ಹೆರಿಗೆ. ಆಗ ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿರುತ್ತೆ. ಹಾಗಾಗಿ ಈಗಲೇ ಹೊರಟು ಲೇಹ್‌ನಲ್ಲಿ ಯಾರದೋ ಮನೆಯಲ್ಲಿ ಚಳಿಗಾಲ ಪೂರ್ತಿ ಕಾಯಬೇಕು, ಚಿಕ್ಕ ಮಗಳನ್ನೂ ಕುರಿಗಳನ್ನೂ ಬಿಟ್ಟು. ಇಲ್ಲವೇ ಊರಿನ ಕೋಣೆಯನ್ನೇ ನಂಬಬೇಕು.

"ಹೋದ ಚಳಿಗಾಲದಲ್ಲಿ ಆ ಕೋಣೇಲಿ ಒಬ್ಬಳಿಗೆ ಹೆರಿಗೆಯಾದ ರಾತ್ರಿ, ಬೆಳಗಿನ ಜಾವಕ್ಕೆ ಬೆರಣಿ ಒಲೆ ಆರಿಹೋಯ್ತು" ಅಂದಳು ಯಾಂಗ್‌ಡೋಲ್. "ಮಗು ತಣ್ಣಗಾಗ್ತಾ ಇತ್ತು. ನನ್ನ ಅಂಗಿಯೊಳಗೆ ಎದೆಗೆ ಒತ್ಕೊಂಡು ಸೂರ್ಯ ಬರೋವರೆಗೆ ಕೂತಿದ್ದೆ. ಅದು ಉಳೀತು. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿದ್ದು ಉಳೀಲಿಲ್ಲ. ಅತ್ತಿಗೆ ಈಗ ನನ್ನ ಫೋನಿಗೆ ಕಾಯ್ತಾ ಇದ್ದಾಳೆ. ಹೊರಡು ಅಂದ್ರೆ ಹೊರಡ್ತಾಳೆ, ಇರು ಅಂದ್ರೆ ಇರ್ತಾಳೆ."

ಸರ್ ಹೆಂಡತಿ ಸೀತಾಲಕ್ಷ್ಮಿ ಆಂಟಿ ಅವಳ ಕೈಗೆ ಚಕ್ಕುಲಿ ಡಬ್ಬ ಕೊಟ್ಟು, "ಮೊದಲು ತಿನ್ನಮ್ಮ" ಅಂದರು.

ಆ ದಿನ, ಅವರ ಊರಿನ ಚಳಿಗಾಲದ ಹಗಲು ಎಷ್ಟು ಬಿಸಿಲು ಕೊಡುತ್ತೋ ಅಷ್ಟೇ ಕರೆಂಟನ್ನು ಮರಳಿಗೆ ಹಾಯಿಸಿದೆವು. ಸಂಜೆ ಪೆಟ್ಟಿಗೆಯ ಬಾಗಿಲು ಸ್ವಲ್ಪ ತೆರೆದಿಟ್ಟು, ಕೋಣೆಯ ಬಾಗಿಲು ಹಾಕಿ ಮನೆಗೆ ಹೋದೆವು. ಬೆಳಗ್ಗೆ ಬಂದು ತೆರೆದಾಗ ಕೋಣೆ ಬೆಚ್ಚಗಿದ್ದರೆ ಗೆದ್ದಂತೆ.

ಗೆಲ್ಲಲಿಲ್ಲ. ಬೆಳಗ್ಗೆ ಒಳಗೆ ಕಾಲಿಟ್ಟರೆ ಉಸಿರು ಹೊಗೆಯಾಗುತ್ತಿತ್ತು. ಮಂಚದ ಕಬ್ಬಿಣ ಮುಟ್ಟಿದರೆ ಚುರ್ ಅನ್ನುವಷ್ಟು ತಣ್ಣಗಿತ್ತು.

"ಲೀಕ್ ಎಲ್ಲಿದೆ ನೋಡಮ್ಮ" ಅಂತ ಸರ್ ಗೋಡೆಗೆ ಕೈಯಾಡಿಸತೊಡಗಿದರು. ನಾನು ಕಿಟಕಿಯ ಸಂದಿನಲ್ಲಿ ಊದುಬತ್ತಿ ಹಿಡಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಎಲ್ಲೂ ಗಾಳಿ ಸೋರುತ್ತಿರಲಿಲ್ಲ.

"ಇನ್ನೊಂದಷ್ಟು ಮರಳು ಹಾಕಿದ್ರೆ?" ಅಂದೆ.

"ಚೀಲ ದೊಡ್ಡದಾದ್ರೆ ಅಕ್ಕಿ ಜಾಸ್ತಿ ಆಗುತ್ತೇನಮ್ಮ? ಬಿಸಿಲು ಇರೋದೇ ಅಷ್ಟು."

"ಇನ್ನೊಂದೆರಡು ಪ್ಯಾನಲ್?"

"ಅವರ ಸೂರಿನ ಮೇಲೆ ಜಾಗ ಇಲ್ಲ."

ಯಾಂಗ್‌ಡೋಲ್ ಮಂಚದ ತುದಿಯಲ್ಲಿ ಕೂತು ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. "ಹೊರಡು ಅಂತ ಹೇಳಿಬಿಡ್ತೀನಿ ಅಂಕಲ್" ಅಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಎದ್ದವಳು ಪೆಟ್ಟಿಗೆಯ ಹಿಂದೆ ಹೋದಳು. ಅಲ್ಲಿ, ಇಟ್ಟಿಗೆಯ ಮೇಲೆ, ಉಣ್ಣೆಯ ಕಂಬಳಿ ಸುತ್ತಿಸಿಕೊಂಡು ಒಂದು ದೊಡ್ಡ ತಾಮ್ರದ ಹಂಡೆ ಕೂತಿತ್ತು. ಮರಳೊಳಗಿಂದ ಬಂದ ಪೈಪು ಅದರ ಹೊಟ್ಟೆಯನ್ನು ಸುತ್ತಿ ಮತ್ತೆ ಮರಳಿಗೆ ಹೋಗುತ್ತಿತ್ತು. ಅವಳು ಮುಚ್ಚಳ ತೆಗೆದಳು. ಗಪ್ಪನೆ ಹಬೆ ಎದ್ದಿತು. ಬೆರಳದ್ದಿ, ಸುಟ್ಟುಕೊಂಡು, ತಟ್ಟನೆ ಹಿಂದೆಗೆದಳು.

"ಇದು ಯಾರಿಗೆ?"

"ಯಾರಿಗೆ ಅಂದ್ರೆ?" ಸೀತಾಲಕ್ಷ್ಮಿ ಆಂಟಿ ಮುಂದೆ ಬಂದರು. "ಬಾಣಂತಿಗೆ! ನಮ್ಮ ತಾಯಿ ಮನೆ ಹಂಡೆ ಕಣಮ್ಮ ಅದು. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಇದರಲ್ಲೇ ನೀರು ಕಾಯಿಸಿ ಹಾಕಿದ್ದು. ಕೊಡಗಟ್ಟಲೆ ಹಾಕ್ಬೇಕು, ಸೊಂಟಕ್ಕೆ, ಬೆನ್ನಿಗೆ, ಸುಡು ಸುಡು ನೀರು. ಆಮೇಲೆ ಸಾಂಬ್ರಾಣಿ ಹಾಕಿ ಮಲಗಿಸಬೇಕು. ದಿನಾ."

"ದಿನಾ?"

"ದಿನಾ."

ಯಾಂಗ್‌ಡೋಲ್ ಒಮ್ಮೆ ಹಂಡೆಯನ್ನು, ಒಮ್ಮೆ ಆಂಟಿಯನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಏನೋ ತಡೆಹಿಡಿದ ನಗು.

"ಆಂಟೀ, ನಮ್ಮಲ್ಲಿ ನೀರು ತರಬೇಕಂದ್ರೆ ನದಿಯ ಮಂಜುಗಡ್ಡೆ ಒಡೆದು ಹೊತ್ಕೊಂಡು ಬರ್ಬೇಕು. ಈ ಹಂಡೆ ತುಂಬೋಕೆ ಊರಿನ ಹೆಂಗಸರೆಲ್ಲ ಬೇಕು. ಹೆತ್ತವಳಿಗೆ ಆ ಚಳೀಲಿ ತಲೆ ಮೇಲೆ ನೀರು ಹಾಕಿದ್ರೆ ಕೂದಲು ಒಣಗೋದ್ರೊಳಗೆ ಹೆಪ್ಪುಗಟ್ಟುತ್ತೆ. ಚಳಿಗಾಲದಲ್ಲಿ ನಾವು ಯಾರೂ ಬಾಣಂತಿಗೆ ನೀರು ಹಾಕಲ್ಲ."

"ಹಾಕಲ್ವಾ?" ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಒಂದು ದಿನವೂ?"

"ಬಿಸಿನೀರು ಬೇಕು ಅಂತ ನೀನೇ ಫೋನಲ್ಲಿ ಹೇಳಿದ್ಯಲ್ಲಮ್ಮ" ಅಂದರು ಸರ್.

"ಹೌದು ಅಂಕಲ್, ಬೇಕು. ಕೈ ತೊಳೆಯೋಕೆ, ಮಗುವನ್ನ ಒರೆಸೋಕೆ, ಚಹಾಕ್ಕೆ. ಒಂದು ಫ್ಲಾಸ್ಕ್!"

ಸರ್ ಹಂಡೆಯ ಪಕ್ಕದಲ್ಲಿದ್ದ ಇಟ್ಟಿಗೆಯ ಮೇಲೆ ಕೂತರು. ಲೆಕ್ಕ ಅವರಿಗೆ ಅಲ್ಲೇ ಹೊಳೆದಿರಬೇಕು, ನನಗೂ ಹೊಳೆಯಿತು. ಮರಳಿನ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಂಡೆ ಕುಡಿದಿತ್ತು. ಡ್ರಾಯಿಂಗ್ ಶುರುವಾಗಿದ್ದೇ ಹಂಡೆಯಿಂದ. ಮೊದಲು ಬಾಣಂತಿಯ ನೀರು, ಉಳಿದದ್ದು ಕೋಣೆಗೆ ಅಂತ ನಾವೆಲ್ಲ ಒಪ್ಪಿದ್ದೆವು. ಅದು ಬೇಕೇ ಅಂತ ಯಾರೂ ಕೇಳಿಯೂ ಇರಲಿಲ್ಲ. ಬಾಣಂತಿ ಕೋಣೆ ಅಂದಮೇಲೆ ಹಂಡೆ ಇಲ್ಲದೆ ಇರುತ್ತಾ?

"ಇಷ್ಟೊಂದು ಓದಿ..." ಅಂತ ಸರ್ ಶುರು ಮಾಡಿದರು.

"ನೀವು ಸುಮ್ನಿರಿ, ಹಟ ಹಿಡಿದಿದ್ದು ನಾನು" ಅಂದರು ಆಂಟಿ. ಅವರ ಕಣ್ಣು ಹಂಡೆಯ ಮೇಲೇ ಇತ್ತು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕಂಠಕ್ಕೆ ಅರಿಶಿನ ಕುಂಕುಮ ಹಚ್ಚಿ ಅವರೇ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಆಮೇಲೆ ಯಾಂಗ್‌ಡೋಲ್ ಕಡೆ ತಿರುಗಿ ಕೇಳಿದರು: "ಹಾಗಾದ್ರೆ ಹೆತ್ತವಳ ಮೈಕೈ ನೋವು ಹೇಗೆ ಹೋಗುತ್ತಮ್ಮ ನಿಮ್ಮೂರಲ್ಲಿ?"

"ಜರ್ದಾಲು ಹಣ್ಣಿನ ಬೀಜದ ಎಣ್ಣೆ ಬೆಚ್ಚಗೆ ಮಾಡಿ ತಿಕ್ತೀವಿ. ಕಾಲಿಂದ ಕುತ್ತಿಗೆವರೆಗೆ. ಒಲೆ ಪಕ್ಕ ಕೂರಿಸಿ, ಬಾರ್ಲಿ ಗಂಜಿಗೆ ಬೆಣ್ಣೆ ಹಾಕಿ ಕೊಡ್ತೀವಿ. ಬಾಗಿಲು ತೆಗೆಯೋಕೂ ಬಿಡಲ್ಲ."

"ಎಣ್ಣೆ ಒತ್ತೋದು ಗೊತ್ತಾ ನಿಂಗೆ? ತೋರ್ಸು."

ಯಾಂಗ್‌ಡೋಲ್ ನನ್ನನ್ನೇ ಮಂಚದ ಮೇಲೆ ಬೋರಲು ಮಲಗಿಸಿದಳು. ಸ್ವೆಟರಿನ ಮೇಲಿಂದಲೇ ಹೆಬ್ಬೆರಳಿಂದ ಬೆನ್ನುಹುರಿಯ ಎರಡೂ ಬದಿ ಒತ್ತುತ್ತ ಹೋದಳು. ನಾನು "ಅಮ್ಮಾ" ಅಂದೆ.

"ಇನ್ನೂ ಸ್ವಲ್ಪ ಕೆಳಗೆ, ಸೊಂಟದ ಹತ್ರ" ಅಂದರು ಆಂಟಿ, ಬಗ್ಗಿ ನೋಡುತ್ತ. "ಹಾಂ, ಅಲ್ಲೇ. ಸರಿಯಾಗಿ ಒತ್ತುತ್ತಾಳೆ ಕಣ್ರೀ ಹುಡುಗಿ." ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಡೆ ತಿರುಗಿದರು. "ಇನ್ನೂ ಕೂತಿದ್ದೀರಲ್ಲ? ಸ್ಪ್ಯಾನರ್ ತಗೊಳ್ಳಿ. ಪೈಪ್ ಬಿಚ್ಚಿ."

"ನಿನ್ನ ತಾಯಿ ಮನೆದು..."

"ತಾಯಿ ಮನೆದು ತಾಯಿಗೆ ಉಪಯೋಗ ಆಗ್ಲಿಲ್ಲ ಅಂದ್ಮೇಲೆ ಅಲ್ಲಿ ಯಾಕೆ ಹೊರಿಸ್ತೀರಿ? ಬಿಚ್ಚಿ."

ಮಧ್ಯಾಹ್ನದೊಳಗೆ ಪೈಪು ಬಿಚ್ಚಿ, ತೂತು ಮುಚ್ಚಿ, ಒಂದು ಸಣ್ಣ ಕೆಟಲಿನಷ್ಟು ಜಾಗ ಮಾತ್ರ ಪೆಟ್ಟಿಗೆಯ ನೆತ್ತಿಯ ಮೇಲೆ ಉಳಿಸಿದೆವು. ಹಂಡೆಯನ್ನು ಹೊರಗೆ ಸಾಗಿಸುವಾಗ ಬೈರಣ್ಣನೂ ಒಂದು ಕಡೆ ಹಿಡಿದರು. ಆಂಟಿ ಅದರ ಹಿಂದೆ ಬಾಗಿಲವರೆಗೆ ಬಂದು, ನೋಡದ ಹಾಗೆ ಒಳಗೆ ತಿರುಗಿದರು. ಮತ್ತೆ ಅಷ್ಟೇ ಬಿಸಿಲಿನ ಲೆಕ್ಕದ ಕರೆಂಟು ಹಾಯಿಸಿದೆವು. ಮತ್ತೆ ಬಾಗಿಲು ಹಾಕಿದೆವು.

ಮರುದಿನ ಬೆಳಗ್ಗೆ ಪೆಟ್ಟಿಗೆ ಒಯ್ಯಲು ಬಂದ ಲಾರಿಯವನು ಆಗಲೇ ಗೇಟಿನಲ್ಲಿ ಹಾರನ್ ಹಾಕುತ್ತಿದ್ದ. ಇನ್ನು ತಡವಾದರೆ ಹಿಮ ಬಿದ್ದು ಲಡಾಖಿನ ದಾರಿ ಮುಚ್ಚುತ್ತೆ. ಗೋಡೌನಿನ ಬಾಗಿಲು ತೆರೆದು ಯಾರು ಮೊದಲು ಹೋಗಬೇಕು ಅಂತ ನಾವು ಮುಖ ಮುಖ ನೋಡಿಕೊಂಡೆವು. ಆಂಟಿಯೇ ಹೋದರು. ಮಫ್ಲರು, ಎರಡು ಸ್ವೆಟರು, ಕಾಲಿಗೆ ಸರ್ ಅವರ ಸಾಕ್ಸು. ಕೋಣೆಯ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತಾದರೂ ಬರಲಿಲ್ಲ.

"ಸೀತಾ? ಏನಾಯ್ತೇ?" ಸರ್ ಪ್ಲೈವುಡ್ ತಟ್ಟಿದರು.

"ಬಾಗಿಲು ತೆಗೀಬೇಡಿ, ಬಿಸಿ ಹೋಗುತ್ತೆ" ಅಂತ ಒಳಗಿಂದ ದನಿ ಬಂತು.

ಆದರೂ ತೆರೆದೆವು. ಆಂಟಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸ್ವೆಟರುಗಳು ಪಕ್ಕದಲ್ಲಿ ಮಡಚಿಟ್ಟಿದ್ದವು. ಮಫ್ಲರಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು.

ಯಾಂಗ್‌ಡೋಲ್ ಒಳಗೆ ಹೋಗಿ ಗೋಡೆ ಮುಟ್ಟಿದಳು. ಮಂಚದ ಕಬ್ಬಿಣ ಮುಟ್ಟಿದಳು. ಮಂಚದ ಪಕ್ಕ ಮಗುವಿಗೆಂದು ಇಟ್ಟಿದ್ದ ತೊಟ್ಟಿಲ ತಳಕ್ಕೆ ಅಂಗೈ ಒತ್ತಿ ತುಂಬಾ ಹೊತ್ತು ಹಾಗೇ ಇದ್ದಳು. ಆಮೇಲೆ ಹೊರಗೆ ಬಂದು, ಐಸ್‌ಕ್ರೀಮ್ ಡಬ್ಬಗಳನ್ನು ದಾಟಿ, ಅಂಗಳದ ಬಿಸಿಲಲ್ಲಿ ನಿಂತು ಫೋನ್ ಮಾಡಿದಳು. ಅತ್ತಿಗೆ ಸಿಗ್ನಲ್ಲಿಗಾಗಿ ಊರ ಪಕ್ಕದ ಗುಡ್ಡ ಹತ್ತಿ ಕಾಯುತ್ತಿದ್ದಳಂತೆ.

ಅವರ ಭಾಷೆ ನಮಗೆ ಬರುತ್ತಿರಲಿಲ್ಲ. ಯಾಂಗ್‌ಡೋಲ್ ಒಂದೇ ಒಂದು ಮಾತು ಹೇಳಿದಳು. ಆ ಕಡೆಯಿಂದ ಶುರುವಾಯಿತು ನೋಡಿ, ನಾವು ನಿಂತಲ್ಲಿಗೂ ಕೇಳುವ ಹಾಗೆ, ಒಂದೇ ಉಸಿರಿನಲ್ಲಿ, ಏರಿದ ದನಿಯಲ್ಲಿ. ಯಾಂಗ್‌ಡೋಲ್ ಫೋನನ್ನು ಕಿವಿಯಿಂದ ದೂರ ಹಿಡಿದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಏನಂತೆ? ಇರ್ತಾಳಂತಾ?" ಅಂದರು ಆಂಟಿ.

"ಬೈತಾ ಇದ್ದಾಳೆ. ಗಂಟು ಕಟ್ಟಿ ಆಗಿದೆಯಂತೆ. ಕುರಿಗಳನ್ನೆಲ್ಲ ಪಕ್ಕದ ಊರಿಗೆ ದಾಟಿಸಿ ಬಂದಿದ್ದಾಳಂತೆ. ಇದನ್ನ ನಿನ್ನೆನೇ ಹೇಳೋಕೆ ಆಗ್ತಿರಲಿಲ್ವಾ, ಈಗ ಈ ಹೊಟ್ಟೆ ಹೊತ್ಕೊಂಡು ಯಾರು ಹೋಗಿ ಅವನ್ನ ವಾಪಸ್ ಹೊಡ್ಕೊಂಡು ಬರ್ತಾರೆ ಅಂತ."

"ಗಂಡನ್ನ ಕಳಿಸು ಅಂತ ಹೇಳು ಅವಳಿಗೆ" ಅಂದರು ಸೀತಾಲಕ್ಷ್ಮಿ ಆಂಟಿ. "ಅವಳು ಗುಡ್ಡ ಇಳಿಯೋವಾಗ ನಿಧಾನ. ಹೇಳು, ಹೇಳು."

ಯಾಂಗ್‌ಡೋಲ್ ಹೇಳಿದಳು.