ಲಿಂಬಿ ಅಕ್ಕೋರ ಹೆಸರು

ಇಂಡಿ ತಾಲೂಕಿನ ಸಣ್ಣ ಊರೊಂದರ ಶಾಲೆಗೆ ಲುಂಬಿನಿ ಶಿಕ್ಷಕಿಯಾಗಿ ಬಂದು ಹದಿನೈದು ದಿನವೂ ಆಗಿರಲಿಲ್ಲ, ಮಕ್ಕಳು ಅವಳ ಹೆಸರನ್ನು ಹಿಂಡಿ ಲಿಂಬಿ ಮಾಡಿಬಿಟ್ಟಿದ್ದರು. ಸುತ್ತ ಎತ್ತ ನೋಡಿದರೂ ಲಿಂಬಿ ತೋಟವೇ ಇರುವಾಗ ಆ ನಾಲಿಗೆಗಳಿಗೆ ಬೇರೆ ಏನು ಹೊರಳೀತು? ಹಾಲು ಹಾಕುವ ಶಂಕ್ರೆವ್ವನೂ ಬಸ್ಸಿನ ಕಂಡಕ್ಟರನೂ ‘ಲಿಂಬಿ ಅಕ್ಕೋರ’ ಎಂದೇ ಕರೆಯತೊಡಗಿದರು.

ಲುಂಬಿನಿ ಎಂಬುದು ಬುದ್ಧ ಹುಟ್ಟಿದ ಜಾಗದ ಹೆಸರು. ಮೂರು ವರ್ಷದ ಹಿಂದೆ ತೀರಿಕೊಂಡ ಅಪ್ಪ ಭೀಮಶ್ಯಾ ಆರಿಸಿ ಇಟ್ಟದ್ದು. ಅಂಥ ಹೆಸರು ಹೀಗೆ ಉಪ್ಪಿನಕಾಯಿ ಭರಣಿಗೆ ಬಿದ್ದದ್ದು ಲುಂಬಿನಿಗೆ ಸಹಿಸಲಾಗಲಿಲ್ಲ. ಭಾನುವಾರ ಮನೆಗೆ ಹೋದವಳೇ ಅವ್ವನ ಮುಂದೆ ದೂರು ಹೇಳಿದಳು. ಯಲ್ಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು.

“ಹುಡುಗರು ತಪ್ಪೇನ ಅಂದಿಲ್ಲ ಬಿಡವಾ. ನೀ ಹುಟ್ಟಿದ್ದ ಲಿಂಬಿ ತೋಟದಾಗ.”

ದವಾಖಾನೆಯಲ್ಲಿ ಹುಟ್ಟಿದೆನೆಂದೇ ತಿಳಿದಿದ್ದ ಲುಂಬಿನಿ ಬಾಯಿ ಬಿಟ್ಟು ಕೂತಳು. ಹೆರಿಗೆಗೆಂದು ಚಡಚಣದ ತವರಿಗೆ ಹೊರಟಾಗ ಟೆಂಪೊ ದಾರಿಯಲ್ಲಿ ಕೆಟ್ಟು ನಿಂತದ್ದು, ಅಲ್ಲೇ ಬೇನೆ ಎದ್ದದ್ದು, ಪಕ್ಕದ ತೋಟದ ಕಸ್ತೂರೆವ್ವ ಓಡಿ ಬಂದು ಗಿಡದ ನೆರಳಲ್ಲಿ ತನ್ನ ಸೀರೆ ಹಾಸಿದ್ದು, ಎಲ್ಲವನ್ನೂ ಅವ್ವ ಹೇಳಿದಳು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದರೆ, ನೀನು ಕೇಳಿದ್ದಾದರೂ ಯಾವಾಗ ಎಂದಳು.

ಮಧ್ಯಾಹ್ನದ ಬಸ್ಸಿಗೇ ತಾಯಿ ಮಗಳು ಆ ತೋಟಕ್ಕೆ ಹೋದರು. ಎಪ್ಪತ್ತು ದಾಟಿದ ಕಸ್ತೂರೆವ್ವನ ಕಣ್ಣು ಮಂಜಾಗಿದ್ದರೂ ನೆನಪು ಚುರುಕಾಗಿತ್ತು. ಲುಂಬಿನಿಯ ಗಲ್ಲ ಸವರಿ ನೋಡಿದಳು.

“ಮೊದಲ ಹೆಸರ ನಾನ ಇಟ್ಟಿದ್ದು. ಲಿಂಬೆವ್ವ ಅಂತ ಕರದೆ. ಸಂಜಿಕ ನಿಮ್ಮಪ್ಪ ಸೈಕಲ್ ಮ್ಯಾಲ ಬಂದ. ನಿನ್ನ ಎತ್ತಿಕೊಂಡು ಮಾರಿ ನೋಡಿದ. ಆಮ್ಯಾಲ ಅಂದ, ‘ಎವ್ವಾ, ಬುದ್ಧನ ತಾಯಿನೂ ತವರಿಗಿ ಹೊಂಟಾಗ ದಾರ್ಯಾಗ ಗಿಡದ ಬುಡಕ ಹಡದಾಳರಿ. ಆ ಜಾಗಾದ ಹೆಸರ ಲುಂಬಿನಿ. ನೀವ ಇಟ್ಟ ಹೆಸರಿಗಿ ಒಂದೀಟ ತಿದ್ದುಪಡಿ ಮಾಡ್ತೇನಿ.’”

ಅಪ್ಪನ ಆ ಮಾತನ್ನು ಲುಂಬಿನಿ ಇನ್ನೊಮ್ಮೆ ಹೇಳಿಸಿ ಕೇಳಿಕೊಂಡಳು.

“ಆ ತಾಯಿ ಟೊಂಗಿ ಹಿಡಕೊಂಡ ಹಡದಳಂತ,” ಎಂದಳು ಯಲ್ಲವ್ವ. “ಲಿಂಬಿ ಟೊಂಗಿಗಿ ಬರೇ ಮುಳ್ಳ. ನಾ ಇವರ ಕೈ ಹಿಡಕೊಂಡೆ.”

ಉಗುರು ಊರಿದ ಗುರುತು ಇನ್ನೂ ಇದೆ ಎಂದು ಕಸ್ತೂರೆವ್ವ ತೋಳು ಚಾಚಿದಳು. ಅಲ್ಲಿ ಏನೂ ಇರಲಿಲ್ಲ. ಮೂವರೂ ನಕ್ಕರು.

ಸೋಮವಾರ ಲುಂಬಿನಿ ಈ ಕಥೆಯನ್ನು ಇದ್ದಹಾಗೆಯೇ ಮಕ್ಕಳಿಗೆ ಹೇಳಿದಳು. ಆ ಗಿಡ ಇನ್ನೂ ಇದೆಯೇ ಎಂದು ಕೇಳಿದರು. ಒಣಗಿಹೋಗಿದೆ, ಅಲ್ಲೀಗ ದ್ರಾಕ್ಷಿ ಚಪ್ಪರವಿದೆ ಎಂದಳು. ಆಗ ಮುಂದಿನ ಸಾಲಿನ ಸಾಕ್ಷಿ ಎದ್ದು ನಿಂತಳು.

“ಹಂಗಾರ ನನಗ್ಯಾಕ ಸಾಕ್ಷಿ ಅಂತ ಇಟ್ಟಾರ್ರಿ?”

ಮನೆಯಲ್ಲಿ ಕೇಳಿಕೊಂಡು ಬಾ ಎಂದಳು ಲುಂಬಿನಿ. ಮರುದಿನ ಸಾಕ್ಷಿಯೊಬ್ಬಳೇ ಅಲ್ಲ, ಇಡೀ ತರಗತಿಯೇ ಕೇಳಿಕೊಂಡು ಬಂದಿತ್ತು. ಅವತ್ತು ಗಣಿತದ ಪಾಠ ನಡೆಯಲೇ ಇಲ್ಲ.