ಕುಡಿಯದವನ ಬಸ್ಸು

ಲೈಲ್ ಪೆಂಗೆಲಿ ಹನ್ನೊಂದು ವರ್ಷದಿಂದ ಒಂದು ಹನಿಯನ್ನೂ ಮುಟ್ಟಿದವನಲ್ಲ. ಅಂಥವನಿಗೆ ಸಿಕ್ಕ ಕೆಲಸವಾದರೂ ಯಾವುದು? ವಾರಕ್ಕೆ ಐದು ದಿನ ಅಡಿಲೇಡಿನಿಂದ ಹದಿನಾಲ್ಕು ಜನರನ್ನು ಬಸ್ಸಿಗೆ ತುಂಬಿಕೊಂಡು, ಬೆಳಿಗ್ಗೆ ಕಡಲು ತೋರಿಸಿ, ಆಮೇಲೆ ಮೆಕ್ಲಾರೆನ್ ವೇಲಿನ ಮೂರು ವೈನರಿಗಳಿಗೆ ವೈನಿನ ರುಚಿ ನೋಡಲು ಕರೆದೊಯ್ದು, ಸಂಜೆ ಹಾಡುತ್ತಲೋ ಅಳುತ್ತಲೋ ಇರುವ ಅದೇ ಹದಿನಾಲ್ಕು ಜನರನ್ನು ಮನೆಮುಟ್ಟಿಸುವುದು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರಂತೆ. ಲೈಲ್ ಆ ಮರದ ಕೆಳಗೆ ಸಂಬಳಕ್ಕೆ ಕೂತಿದ್ದ.

ಅವನ ಬಸ್ಸಿಗೆ ಒಂದು ಊದುವ ಯಂತ್ರವಿತ್ತು. ಡ್ರೈವರ್ ಕೊಳವೆಗೆ ಬಾಯಿಟ್ಟು ಊದಬೇಕು, ಹಸಿರು ದೀಪ ಬಂದರೆ ಇಂಜಿನ್ ಹೊತ್ತಿಕೊಳ್ಳುತ್ತದೆ. ಕೆಂಪು ಬಂದರೆ ಹೊತ್ತಿಕೊಳ್ಳುವುದಿಲ್ಲ, ಜೊತೆಗೆ ಆ ಸುದ್ದಿ ಆ ಕ್ಷಣವೇ ಮಾಲೀಕನ ಫೋನಿಗೆ ಹೋಗುತ್ತದೆ. ಒಂದು ಕೆಂಪು, ಕೆಲಸ ಖಲಾಸ್. ಪ್ರತಿ ಬೆಳಿಗ್ಗೆ ಊದಿದ ಮೇಲೆ ಲೈಲ್ ಜನರ ಕಡೆ ತಿರುಗಿ ಒಂದು ಮಾತು ಹೇಳುತ್ತಿದ್ದ: "ನೋಡಿ, ಈ ಬಸ್ಸಿನಲ್ಲಿ ಸಂಜೆಗೆ ಕುಡಿಯದೆ ಉಳಿಯೋನು ಒಬ್ಬನೇ. ಪುಣ್ಯಕ್ಕೆ ಸ್ಟಿಯರಿಂಗ್ ಅವನ ಕೈಲಿದೆ." ಜನ ನಗುತ್ತಿದ್ದರು. ಆರು ವರ್ಷದಿಂದ ಒಂದೇ ಮಾತು, ಒಂದೇ ನಗು.

ಈಸ್ಟರ್ ಶನಿವಾರ ಅವನು ಆ ಮಾತು ಹೇಳಲಿಲ್ಲ. ಪ್ರಯಾಣಿಕರ ಪಟ್ಟಿಯ ಕೊನೆಯ ಎರಡು ಹೆಸರು: ಎಡ್ವಿನಾ ನೋಸ್ಕೆ, ಟೀಗನ್ ಪೆಂಗೆಲಿ. ಟೀಗನ್ ಅವನ ಮಗಳು, ಎಡ್ವಿನಾಳ ಮಗ ರೀಸ್‌ನನ್ನು ಮದುವೆಯಾಗಲಿರುವವಳು. ಎಡ್ವಿನಾ ಅವನಿಗೆ ಇನ್ನು ಆರು ವಾರಕ್ಕೆ ಬೀಗಿತ್ತಿಯಾಗಬೇಕಾದವಳು, ಬರೋಸಾ ಕಣಿವೆಯಲ್ಲಿ ಐದು ತಲೆಮಾರಿನಿಂದ ವೈನ್ ಮಾಡುವ ಮನೆಯ ಯಜಮಾನಿ. ಮದುವೆಯ ಕಾಗದ ಊರಿಗೆಲ್ಲ ಹೋಗಿತ್ತು, ಲೈಲನಿಗೆ ಬಂದಿರಲಿಲ್ಲ. "ಹುಡುಗಿಯ ಅಪ್ಪನನ್ನ ಒಂದು ಸಲ ಕಣ್ಣಾರೆ ನೋಡಬೇಕು, ಆಮೇಲೆ ಕರೆಯೋದೋ ಬಿಡೋದೋ ನೋಡೋಣ" ಎಂದು ಎಡ್ವಿನಾ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಊರಿನಲ್ಲಿ ಗಂಡು ನೋಡುತ್ತಾರೆ, ಹೆಣ್ಣು ನೋಡುತ್ತಾರೆ. ಇವಳು ಹೆಣ್ಣಿನ ಅಪ್ಪನನ್ನು ನೋಡಲು ಟಿಕೆಟ್ ತೆಗೆದುಕೊಂಡು ಬಂದಿದ್ದಳು.

ಅವಳನ್ನು ದೂರುವಂತೆಯೂ ಇರಲಿಲ್ಲ. ಟೀಗನ್‌ಗೆ ಹದಿನಾರು ವರ್ಷವಾಗಿದ್ದಾಗ ನೆಟ್‌ಬಾಲ್ ಆಟದಿಂದ ಮಗಳನ್ನು ಕರೆತರಲು ಹೋದ ಲೈಲ್, ಬರುವಾಗ ಕಾರನ್ನು ಸೆಲಿಕ್ಸ್ ಬೀಚಿನ ಹತ್ತಿರ ಬೇಲಿಗೆ ನುಗ್ಗಿಸಿದ್ದ. ಮಗಳ ಭುಜದ ಮೂಳೆ ಮುರಿಯಿತು. ಅವನಿಗೆ ಒಂದು ತರಚು ಗಾಯವೂ ಆಗಲಿಲ್ಲ, ಕುಡಿದವರಿಗೆ ಹಾಗೇ ಆಗುವುದಂತೆ. ಅವತ್ತು ಬಾಟಲಿ ಬಿಟ್ಟ. ಮಗಳು ಅವತ್ತಿನಿಂದ ಅವನು ಓಡಿಸುವ ಗಾಡಿ ಹತ್ತುವುದನ್ನು ಬಿಟ್ಟಳು. ಹನ್ನೊಂದು ವರ್ಷದ ಮೇಲೆ ಇವತ್ತು ಹತ್ತಿದ್ದಳು, ಅದೂ ಕೊನೆಯ ಸೀಟಿನಲ್ಲಿ, ಬಾಗಿಲ ಪಕ್ಕ.

ಪೋರ್ಟ್ ವಿಲಂಗಾದ ಬಂಡೆ ಅಂಚಿನಲ್ಲಿ ಎಲ್ಲರನ್ನೂ ಇಳಿಸಿ ಹಿಂದೆ ಹಡಗು ನಿಲ್ಲುತ್ತಿದ್ದ ಹಳೆಯ ಜೆಟ್ಟಿಯ ಉಳಿದ ಕಂಬಗಳನ್ನು ತೋರಿಸುವಾಗ ಲೈಲ್ ಹೇಳಿದ್ದನ್ನೇ ಎರಡೆರಡು ಸಲ ಹೇಳಿದ. ಎಡ್ವಿನಾ ಅವನ ಹತ್ತಿರವೇ ನಿಂತು, ಸಮುದ್ರವನ್ನು ಬಿಟ್ಟು, ಕುಡುಕರ ನಡುಕವಿದೆಯೇ ಎಂದು ಅವನ ಕೈಬೆರಳುಗಳನ್ನು ನೋಡುತ್ತಿದ್ದಳು.

"ಚೆನ್ನಾಗಿದೆ ನಿಮ್ಮ ಸಮುದ್ರ" ಎಂದಳು. "ನಮ್ಮ ಬರೋಸಾದಲ್ಲಿ ಇದೆಲ್ಲ ಇಲ್ಲ. ನಮ್ಮ ವೈನ್‌ಗೆ ಸಮುದ್ರ ತೋರಿಸಿ ಮಾರೋ ಗತಿ ಬಂದಿಲ್ಲ ನೋಡಿ."

"ಉಪ್ಪುಗಾಳಿ ಬಡಿದರೆ ದ್ರಾಕ್ಷಿಗೆ ರುಚಿ ಜಾಸ್ತಿ ಅಂತಾರೆ ಮೇಡಂ."

"ಅಂತಾರೆ. ನೀವು ನೋಡಿದ್ದೀರಾ ರುಚಿ?"

"ಹನ್ನೊಂದು ವರ್ಷದಿಂದ ಇಲ್ಲ."

"ಲೆಕ್ಕ ಇಟ್ಟಿದ್ದೀರಿ" ಎಂದಳು ಎಡ್ವಿನಾ. ಅದು ಮೆಚ್ಚುಗೆಯೋ ಅನುಮಾನವೋ ಲೈಲನಿಗೆ ತಿಳಿಯಲಿಲ್ಲ.

ಮೊದಲ ವೈನರಿಯಲ್ಲಿ ಅವನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆರು ವರ್ಷ ಜನರ ಲೋಟಗಳನ್ನು ಕಾಯ್ದವನ ಕಣ್ಣು ಅದು. ರುಚಿ ನೋಡುವ ಮೇಜಿನ ಮೇಲೆ ಉಗುಳಲು ಬಕೆಟ್ಟು ಇಟ್ಟಿರುತ್ತಾರೆ. ತಿಳಿದವರು ಬಾಯಿಗೆ ಹಾಕಿಕೊಂಡು, ಹೊರಳಿಸಿ, ಉಗುಳುತ್ತಾರೆ, ಅದೇ ಮರ್ಯಾದೆ. ಎಡ್ವಿನಾ ಹಾಗೇ ಉಗುಳುತ್ತಿದ್ದಳು, ಬಾಣ ಬಿಟ್ಟಂತೆ. ಟೀಗನ್ ಲೋಟವನ್ನು ತುಟಿಯವರೆಗೆ ತಂದು, ಹುಬ್ಬೇರಿಸಿ, "ಪ್ಲಮ್ ಹಣ್ಣಿನ ವಾಸನೆ ಇದೆ ಅಲ್ವಾ ಆಂಟಿ" ಎಂದು, ಅತ್ತೆಯಾಗುವವಳು ಆಚೆ ತಿರುಗಿದ ತಕ್ಷಣ ಇಡೀ ಲೋಟವನ್ನು ಬಕೆಟ್ಟಿಗೆ ಸುರಿಯುತ್ತಿದ್ದಳು. ತುಟಿ ಒದ್ದೆಯಾಗುತ್ತಿರಲಿಲ್ಲ. ಎರಡನೆಯ ವೈನರಿಯಲ್ಲೂ ಅದೇ ನಾಟಕ. ಅವಳು ಕುಡಿಯುವುದಿಲ್ಲ, ಮತ್ತು ಅದನ್ನು ನೋಸ್ಕೆ ಮನೆಯವರಿಗೆ ಹೇಳಿಲ್ಲ. ಐದು ತಲೆಮಾರಿನ ವೈನ್ ಮನೆಗೆ ವೈನ್ ಮುಟ್ಟದ ಸೊಸೆ. ಅವಳು ಯಾಕೆ ಮುಟ್ಟುವುದಿಲ್ಲ ಎಂದು ಲೈಲನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನಿಗೆ ಊಟ ಸೇರಲಿಲ್ಲ.

ಮೂರನೆಯದು ಸೆಲಿಕ್ಸ್ ಬೀಚಿನ ಮೇಲಿನ ಗುಡ್ಡದಲ್ಲಿ ನೊರೀನಳ ವೈನರಿ. ಎಂಬತ್ತು ದಾಟಿದ ನೊರೀನ್ ಈಸ್ಟರ್ ಬಂತೆಂದರೆ ಶಿಲುಬೆ ಗುರುತಿನ ಬನ್ನು ಸುಡುತ್ತಾಳೆ. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನವೂ ಒಣದ್ರಾಕ್ಷಿಯನ್ನು ತೀರಿಹೋದ ಗಂಡ ಮಾಡಿಟ್ಟ ಹಳೇ ಸಿಹಿ ವೈನಿನಲ್ಲಿ ನೆನೆಸುತ್ತಾಳೆ. ದೇವರಿಗೆ ಉಪವಾಸ, ದ್ರಾಕ್ಷಿಗೆ ಹಬ್ಬ. ಅಷ್ಟಕ್ಕೂ ತೃಪ್ತಿಯಾಗದೆ, ಒಲೆಯಿಂದ ತೆಗೆದ ಮೇಲೆ ಬನ್ನಿನ ನೆತ್ತಿಗೆ ಅದೇ ವೈನನ್ನು ಇನ್ನೊಮ್ಮೆ ಹಚ್ಚುತ್ತಾಳೆ. ಲೈಲನಿಗೆ ಮಾತ್ರ ಏನೂ ಹಾಕದ ಎರಡು ಬೋಳು ಬನ್ನು ನೀಲಿ ಡಬ್ಬಿಯಲ್ಲಿ ಬೇರೆ ಇಟ್ಟಿರುತ್ತಾಳೆ. ಇದು ಆರು ವರ್ಷದ ರೂಢಿ.

ನೊರೀನ್ ನೀಲಿ ಡಬ್ಬಿ ತರಲು ಒಳಗೆ ಹೋಗಿದ್ದಳು. ಅಷ್ಟರಲ್ಲಿ ಟೀಗನ್ ಮೇಜಿನ ಮೇಲಿನ ತಟ್ಟೆಯಿಂದ ಒಂದು ಬನ್ನು ತೆಗೆದು, ಬೆಣ್ಣೆ ಸವರಿ, ಅಪ್ಪನ ಮುಂದೆ ಹಿಡಿದಳು.

"ತಗೋ ಅಪ್ಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಹನ್ನೊಂದು ವರ್ಷದಲ್ಲಿ ಮಗಳು ಅವನಿಗೆ ಕೈಯಾರೆ ಕೊಟ್ಟ ಮೊದಲ ತುತ್ತು. ಪಕ್ಕದಲ್ಲೇ ಎಡ್ವಿನಾ. ಯಾವ ಬನ್ನೆಂದು ಯೋಚಿಸದೆ ಲೈಲ್ ಕಚ್ಚಿದ. ಕಚ್ಚಿದ ತಕ್ಷಣ ತಿಳಿಯಿತು. ಆ ಸಿಹಿ, ಆ ಕಾವು, ಮೂಗಿನ ಹಿಂದೆ ಏರುವ ಆ ಹಳೆಯ ಗೆಳೆಯ. ಹೆದರಿಕೆಯಾಯಿತು. ಹೆದರಿಕೆಯ ಅಡಿಯಲ್ಲಿ ಇಷ್ಟವೂ ಆಯಿತು, ಅದಕ್ಕೆ ಇನ್ನಷ್ಟು ಹೆದರಿದ. ಒಂದು ಗೇಣು ದೂರದಲ್ಲಿ ಬಕೆಟ್ಟಿತ್ತು. ಎಡ್ವಿನಾ ಅದೇ ಹೊತ್ತಿಗೆ ಅದಕ್ಕೆ ಚೆಂದವಾಗಿ ಉಗುಳಿದಳು. ಊರೆಲ್ಲ ಉಗುಳುವುದೇ ಮರ್ಯಾದೆಯಾದ ಆ ಜಾಗದಲ್ಲಿ ಉಗುಳಬಾರದವನು ಅವನೊಬ್ಬನೇ. ಬಾಯಲ್ಲಿ ಬಿಸಿ ತುಪ್ಪ. ಮಗಳು ಮುಖ ನೋಡುತ್ತಿದ್ದಳು. ನುಂಗಿದ. ಉಳಿದರ್ಧವನ್ನೂ ತಿಂದ.

"ಚೆನ್ನಾಗಿದೆಯಾ?"

"ಚೆನ್ನಾಗಿದೆ ಮಗಾ."

ಕಾಲು ಗಂಟೆ ಬಿಟ್ಟು ಊದಿದರೆ ಬಾಯಿ ಚೊಕ್ಕವಾಗಿರುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಆದರೆ ಎಡ್ವಿನಾ ಗಡಿಯಾರ ನೋಡಿ, "ಹೇಳಿದ ಹೊತ್ತಿಗೆ ಹೊರಡೋ ಗಂಡಸರನ್ನ ನಾನು ನಂಬ್ತೀನಿ" ಎಂದುಬಿಟ್ಟಳು. ಲೈಲ್ ಮೂರು ಲೋಟ ನೀರು ಮುಕ್ಕಳಿಸಿ, ಇಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡು, ಬಸ್ಸು ಹತ್ತಿ ಊದಿದ.

ಕೆಂಪು.

ಎರಡು ನಿಮಿಷ ಕಳೆಯುವುದರೊಳಗೆ ಮಾಲೀಕನ ಫೋನು. ಲೈಲ್ ಅವಸರದಲ್ಲಿ ಸ್ಪೀಕರ್ ಒತ್ತಿಬಿಟ್ಟ, ಬಸ್ಸಿಗೆಲ್ಲ ಕೇಳಿಸಿತು.

"ಲೈಲ್, ಸ್ಟಿಯರಿಂಗ್ ಮುಟ್ಟಬೇಡ. ಬೇರೆ ಡ್ರೈವರನ್ನ ಕಳಿಸ್ತಿದ್ದೀನಿ. ಸೋಮವಾರದಿಂದ ಬರೋದು ಬೇಡ."

"ಸ್ವಲ್ಪ ಕೇಳಿ ಸಾರ್. ನಾನು ತಿಂದಿದ್ದು ಬನ್ನು."

"ಬಾಯಿ ತೊಳೆಯೋ ನೀರು ಅಂತ ಹೇಳಿದವರನ್ನ ನೋಡಿದ್ದೀನಿ. ಕೆಮ್ಮಿನ ಔಷಧಿ ಅಂದವರನ್ನ ನೋಡಿದ್ದೀನಿ. ಬನ್ನು ಇವತ್ತೇ ಮೊದಲು."

ಬಸ್ಸಿನಲ್ಲಿ ಕೂತವರು ಬೆಳಿಗ್ಗೆ ಹತ್ತೂವರೆಯಿಂದ ಕುಡಿಯುತ್ತಿದ್ದವರು. ನ್ಯಾಯ ಹೇಳಲು ಅದಕ್ಕಿಂತ ದೊಡ್ಡ ಯೋಗ್ಯತೆ ಬೇಕೇ? ಒಬ್ಬಳು ಸೀಟನ್ನು ಹಿಡಿದುಕೊಂಡೇ ಎದ್ದುನಿಂತು, ಇವನ ಮೂಗು ಕೆಂಪಿದ್ದದ್ದನ್ನು ತಾನು ಬೆಳಿಗ್ಗೆಯೇ ಗಮನಿಸಿದೆ ಎಂದಳು. ಹಾಡು ನಿಲ್ಲಿಸಿದ ಇನ್ನೊಬ್ಬ, ಕುಡಿತ ಎಷ್ಟೋ ಸಂಸಾರ ಹಾಳು ಮಾಡಿದೆ ಎಂದು ಕಣ್ಣೊರೆಸಿಕೊಂಡ. ಲೈಲ್ ಯಾರನ್ನೂ ನೋಡಲಿಲ್ಲ, ಕನ್ನಡಿಯಲ್ಲಿ ಕೊನೆಯ ಸೀಟನ್ನು ನೋಡಿದ. ಮಗಳ ಕೈ ಎಡಭುಜದ ಮೇಲೆ ಹೋಗಿತ್ತು. ಅವಳಿಗೇ ತಿಳಿಯದೆ ಹೋಗಿತ್ತು. ಅದನ್ನು ನೋಡಿದ ಮೇಲೆ ಕೆಲಸ ಹೋದದ್ದು ಅವನಿಗೆ ದೊಡ್ಡದೆನಿಸಲಿಲ್ಲ.

ಗಲಾಟೆ ಕೇಳಿ ನೊರೀನ್ ನೀಲಿ ಡಬ್ಬಿಯೊಂದಿಗೆ ಓಡಿಬಂದಳು. "ಅಯ್ಯೋ ಮುಠ್ಠಾಳ, ತಟ್ಟೇಲಿದ್ದಿದ್ದು ತಿಂದೆಯೇನೋ? ಅದನ್ನ ಯಾರು ಕೊಟ್ಟರು ನಿಂಗೆ?"

ಲೈಲ್ ಮಗಳ ಹೆಸರು ಹೇಳಲಿಲ್ಲ. "ನಾನೇ ತಗೊಂಡೆ" ಎಂದ.

ಕೊನೆಯ ಸೀಟಿನಲ್ಲಿ ಟೀಗನ್ ಭುಜದಿಂದ ಕೈ ತೆಗೆದಳು.

ಹುಲ್ಲಿನ ಮೇಲೆ ಚೆಂಡುರುಳಿಸುವ ಕ್ಲಬ್ಬಿನಿಂದ ಬಂದಿದ್ದ ಮೆರ್ವಿನ್ ಎಂಬ ಮುದುಕನಿಗೆ ಆಗ ಜ್ಞಾನೋದಯವಾಯಿತು. ಹೊರಡುವ ಗಿರಾಕಿಗಳು ಊದಿ ನೋಡಲೆಂದು ನೊರೀನಳ ಕೌಂಟರಿನಲ್ಲಿ ಒಂದು ಕೈಯಳತೆಯ ಯಂತ್ರವಿತ್ತು. "ಪರೀಕ್ಷೆ ಮಾಡಿಬಿಡೋಣ. ನಾನು ಬನ್ನು ತಿಂತೀನಿ, ಊದ್ತೀನಿ" ಎಂದು ಮೆರ್ವಿನ್ ಅದನ್ನೂ ಬನ್ನಿನ ತಟ್ಟೆಯನ್ನೂ ಬಸ್ಸಿನ ಬಾಗಿಲಿಗೆ ತಂದು, ಎರಡು ಬನ್ನು ತಿಂದು ಊದಿದ. ಯಂತ್ರ ಅರಚಿಕೊಂಡಿತು. "ನೋಡಿ, ಬನ್ನೇ!" ಎಂದು ಕೂಗಿದ.

"ಬನ್ನು ತಿನ್ನದಿದ್ದರೂ ನೀನು ಊದಿದರೆ ಅದು ಸುಟ್ಟುಹೋಗುತ್ತೆ ಕಣೋ" ಎಂದಳು ನೊರೀನ್.

"ಕೊಡಿ ಇಲ್ಲಿ" ಎಂದು ಎಡ್ವಿನಾ ಮುಂದೆ ಬಂದಳು. "ಬೆಳಿಗ್ಗೆಯಿಂದ ಒಂದು ತೊಟ್ಟೂ ನಾನು ನುಂಗಿಲ್ಲ." ಬನ್ನು ಮುಟ್ಟುವ ಮೊದಲೇ ಊದಿದಳು. ಯಂತ್ರ ಅವಳ ಮೇಲೂ ಅರಚಿತು. ಐದು ತಲೆಮಾರಿನ ಯಜಮಾನಿ ಆ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಬಾಯಲ್ಲಿಟ್ಟಿದ್ದಕ್ಕೇ ಹಿಡಿಯುತ್ತಾ ಇದು?" ಎಂದಳು, ಈ ಸಲ ಸ್ವಲ್ಪ ಮೆತ್ತಗೆ.

ಇನ್ನೂ ಇಡದ ಫೋನಿನಿಂದ ಮಾಲೀಕ ನಕ್ಕ. "ಕುಡಿಯದ ಒಂದು ಬಾಯಿ ತೋರಿಸು ಲೈಲ್. ಅದು ಬನ್ನು ತಿಂದು ಊದಿ ಕೆಂಪು ಬಂದರೆ ನಿನ್ನ ಕೆಂಪು ಅಳಿಸ್ತೀನಿ."

ವೈನರಿಯಲ್ಲಿ ಕುಡಿಯದ ಬಾಯಿ! ನೊರೀನಳೂ ಬೆಳಗಿನಿಂದ ಪೀಪಾಯಿ ಪೀಪಾಯಿ ರುಚಿ ನೋಡಿದವಳೇ. ಆ ಒಂದು ಬಾಯಿ ಯಾವುದೆಂದು ಬಲ್ಲವನು ಲೈಲ್ ಒಬ್ಬನೇ. ಅವನು ಬೇಕೆಂದೇ ತಲೆ ತಗ್ಗಿಸಿ ಬ್ರೇಕಿನ ಪೆಡಲನ್ನು ನೋಡುತ್ತ ಕೂತ. ಒಮ್ಮೆ ಅವಳ ಮೂಳೆ ಮುರಿದಿದ್ದ. ಮದುವೆಯನ್ನೂ ಮುರಿಯುವುದು ಬೇಡ.

"ನಾನು ಊದ್ತೀನಿ" ಎಂದಳು ಟೀಗನ್.

"ನೀನು ಕುಡಿದಿದ್ದೀಯ ಮಗು" ಎಂದಳು ಎಡ್ವಿನಾ. "ನಾನೇ ನೋಡಿದ್ದೀನಿ. ಪ್ಲಮ್ ಹಣ್ಣು ಅಂದೆ."

"ಕುಡಿದಿಲ್ಲ ಆಂಟಿ. ಬಕೆಟ್‌ಗೆ ಸುರಿದೆ. ನಾನು ಕುಡಿಯೋದೇ ಇಲ್ಲ. ಇವತ್ತಲ್ಲ, ಯಾವತ್ತೂ ಇಲ್ಲ."

ಅವಳು ಇಳಿದುಬಂದು ಊದಿದಳು. ಸೊನ್ನೆ. ಬನ್ನನ್ನು ಔಷಧಿಯಂತೆ ಮೂಗು ಮುಚ್ಚಿಕೊಂಡು ತಿಂದು ಮತ್ತೆ ಊದಿದಳು. ಯಂತ್ರ ಅರಚಿತು. ಮೆರ್ವಿನ್ ಚಪ್ಪಾಳೆ ತಟ್ಟಿದ, ಬೇರೆ ಯಾರೂ ತಟ್ಟಲಿಲ್ಲ.

"ಕೇಳಿಸ್ತಾ?" ಎಂದು ಎಡ್ವಿನಾ ಫೋನಿಗೆ ಹೇಳಿದಳು. "ನಾನು ಬರೋಸಾದ ಎಡ್ವಿನಾ ನೋಸ್ಕೆ. ಕಣ್ಣಾರೆ ನೋಡಿದ್ದೀನಿ. ಈಗ ಅಳಿಸಿ." ಮಾಲೀಕ ಗೊಣಗಿದ, ಸರಿ, ಬೇರೆ ಡ್ರೈವರ್ ಬೇಡ ಎಂದ, ಫೋನು ಇಟ್ಟ. ಎಡ್ವಿನಾ ಸೊಸೆಯಾಗುವವಳ ಕಡೆ ತಿರುಗಿದಳು. "ರೀಸ್‌ಗೆ ಗೊತ್ತಾ ಇದು?"

"ಗೊತ್ತು. ನಿಮಗೆ ಹೇಳೋಕೆ ಅವನಿಗೆ ಧೈರ್ಯ ಇಲ್ಲ."

"ಅವನಿಗೆ ಯಾವುದಕ್ಕೆ ಧೈರ್ಯ ಇತ್ತು" ಎಂದು ಎಡ್ವಿನಾ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಕಳಚಿ ಅದರ ಮಣ್ಣು ಕೊಡವಿದಳು. ಕೊನೆಗೆ ಅವಳು ಹೇಳಿದ್ದಿಷ್ಟು: "ನಮ್ಮ ಮನೇಲಿ ಹದಿನೇಳು ಜನ. ಕ್ರಿಸ್ಮಸ್ ಊಟ ಆದಮೇಲೆ ಗಾಡಿ ಓಡಿಸೋಕೆ ಲಾಯಕ್ಕಾದವರು ಒಬ್ಬರೂ ಇರಲ್ಲ. ನಲವತ್ತು ವರ್ಷದಿಂದ ಪ್ರತಿ ಕ್ರಿಸ್ಮಸ್ ರಾತ್ರಿ ಅತ್ತೆ ಮನೆ ನೆಲದ ಮೇಲೇ ಮಲಗಿ ನನ್ನ ಬೆನ್ನು ಹಿಡಿದುಹೋಗಿದೆ. ಮೊದಲೇ ಹೇಳೋದಲ್ವೇನಮ್ಮ?"

ಕಾಲು ಗಂಟೆ ಕಳೆಯಿತು. ಟೀಗನ್ ಬಸ್ಸು ಹತ್ತಿ, ಕೊನೆಯ ಸೀಟಿಗೆ ಹೋಗದೆ, ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಳು. ಲೈಲ್ ಊದಿದ. ಹಸಿರು. ಅಭ್ಯಾಸಬಲದಿಂದ ಹಿಂದೆ ತಿರುಗಿ, "ನೋಡಿ, ಈ ಬಸ್ಸಿನಲ್ಲಿ ಕುಡಿಯದೆ ಉಳಿದಿರೋರು..." ಎಂದು ಶುರುಮಾಡಿ ನಿಲ್ಲಿಸಿದ. ಆರು ವರ್ಷದ ಮಾತನ್ನು ತಿದ್ದಬೇಕಾಗಿತ್ತು. "ಇಬ್ಬರು" ಎಂದ.

ಗುಡ್ಡ ಇಳಿದು ಮತ್ತೆ ಕಡಲು ಕಂಡಾಗ ಎಡ್ವಿನಾ ಹಿಂದಿನಿಂದ ಕೇಳಿದಳು: "ಪೆಂಗೆಲಿಯವರೇ, ಮದುವೆಗೆ ನೂರ ಇಪ್ಪತ್ತು ಜನ ಬರ್ತಾರೆ. ರಾತ್ರಿ ಎಲ್ಲರನ್ನೂ ಮನೆಗೆ ಬಿಡೋಕೆ ನಂಬಿಕಸ್ತ ಡ್ರೈವರ್ ಬೇಕು. ನೀವು ಬರ್ತೀರಾ?"

ಮದುವೆಗೆ ಕರೆ ಬಂತು, ಡ್ರೈವರನಾಗಿ. ಲೈಲ್ ಅದನ್ನೂ ನುಂಗಲು ಸಿದ್ಧನಿದ್ದ. ಆಗಲಿ ಮೇಡಂ ಎನ್ನಲು ಬಾಯಿ ತೆರೆದ.

"ಬಸ್ಸಿಗೆ ಬೇರೆ ಯಾರನ್ನಾದರೂ ನೋಡಿ ಆಂಟಿ" ಎಂದಳು ಟೀಗನ್, ರಸ್ತೆಯಿಂದ ಕಣ್ಣು ತೆಗೆಯದೆ. "ಅವತ್ತು ಅಪ್ಪನಿಗೆ ಪುರುಸೊತ್ತಿಲ್ಲ. ನನ್ನ ಕೈ ಹಿಡಿದು ಚರ್ಚಿನೊಳಗೆ ಕರಕೊಂಡು ಹೋಗಬೇಕು."

ಸೆಲಿಕ್ಸ್ ಬೀಚಿನ ಆ ಬೇಲಿ ಬಂತು. ಲೈಲ್ ಗೇರು ಇಳಿಸಿ, ನಿಧಾನವಾಗಿ ದಾಟಿಸಿದ.